ವಿಶ್ವಾಸಿ ಪಾಪ ಬಿಡಬಲ್ಲನೇ? ಬೀದರಿಗೂ ಬಂದ ಹಳೇ ವಾದ

ಬೈಬಲ್ಲಿನ ಯೋಹಾನನ ಮೊದಲನೆಯ ಪತ್ರವನ್ನು ಸಾವಕಾಶ ಓದಿದವರಿಗೆ ಒಂದು ಗೊಂದಲ ತಪ್ಪುವುದಿಲ್ಲ. ನಮ್ಮಲ್ಲಿ ಪಾಪವೇ ಇಲ್ಲ ಅಂದರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ ಎಂದು ಮೊದಲ ಅಧ್ಯಾಯ ಹೇಳುತ್ತದೆ. ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ ಎಂದು ಮೂರನೆಯ ಅಧ್ಯಾಯ ಹೇಳುತ್ತದೆ. ಬೀದರ್ ಕಡೆಯ ಸಭೆಗಳಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಹೆಚ್ಚಾಗಿ ಮೂರನೆಯ ಅಧ್ಯಾಯದವರು. ಕುಡಿತ ಬಿಟ್ಟೆ, ಗುಟ್ಕಾ ಬಿಟ್ಟೆ, ಈಗ ಹೊಸ ಮನುಷ್ಯ ಆಗಿದ್ದೇನೆ ಅನ್ನುತ್ತಾರೆ. ಹೆಂಡತಿಗೆ ಬೈಯುವುದನ್ನೂ ಬಿಟ್ಟಿದ್ದಾನಾ ಅಂತ ಕೇಳಿ ನೋಡಿ, ಪಕ್ಕದ ಮನೆಯವರು ಮೊದಲ ಅಧ್ಯಾಯ ತೆಗೆಯುತ್ತಾರೆ.

ಈ ಜಗಳಕ್ಕೆ 1600 ವರ್ಷ ದಾಟಿದೆ. ಬ್ರಿಟನ್ ಮೂಲದ ಪೆಲಾಜಿಯಸ್ ಎಂಬ ವಿರಕ್ತ ರೋಮ್ ನಗರದಲ್ಲಿದ್ದ. ಅಲ್ಲಿನ ಕ್ರೈಸ್ತರ ಸಡಿಲ ಬದುಕು ನೋಡಿ ಅವನಿಗೆ ಬೇಸರವಾಗಿತ್ತು. ನೀನು ಆಜ್ಞಾಪಿಸುವುದನ್ನು ನೀನೇ ಕೊಡು ಎಂದು ಉತ್ತರ ಆಫ್ರಿಕದ ಬಿಷಪ್ ಆಗಸ್ಟಿನ್ ದೇವರಲ್ಲಿ ಬೇಡಿದ್ದು ಅವನಿಗೆ ಇನ್ನೂ ಸಿಟ್ಟು ತರಿಸಿತು. ದೇವರು ಮಾಡು ಅಂದಮೇಲೆ ಮನುಷ್ಯನಿಗೆ ಮಾಡುವ ಶಕ್ತಿ ಇರಲೇಬೇಕಲ್ಲವಾ ಎಂಬುದು ಅವನ ವಾದ. ಶಕ್ತಿ ನಮ್ಮದಲ್ಲ, ಕೃಪೆಯದು ಎಂದು ಆಗಸ್ಟಿನ್ ಪಟ್ಟು ಹಿಡಿದ. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರು ಆಗಸ್ಟಿನನ ಕಡೆ ನಿಂತರು. ಅವರ ತೀರ್ಮಾನದಲ್ಲಿ ಒಂದು ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ: ಸಂತರು ಕೂಡ 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂದು ಪ್ರಾರ್ಥಿಸುವಾಗ ಅದು ಬರೀ ವಿನಯದ ಮಾತಲ್ಲ, ಅವರಿಗೂ ಅದು ನಿಜವೇ.

ಮುಂದೆ ಹದಿನಾರನೆಯ ಶತಮಾನದಲ್ಲಿ, ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಜರ್ಮನಿಯ ಲೂಥರ್ ಬಂದ. ವಿಶ್ವಾಸಿ ಒಂದೇ ವೇಳೆ ನೀತಿವಂತನೂ ಹೌದು, ಪಾಪಿಯೂ ಹೌದು ಅಂದ. ಕ್ಯಾಥೊಲಿಕರು ಟ್ರೆಂಟ್ ಸಭೆಯಲ್ಲಿ (1545–63) ಇದನ್ನು ಒಪ್ಪಲಿಲ್ಲ. ದೀಕ್ಷಾಸ್ನಾನವಾದವನಲ್ಲಿ ಉಳಿಯುವ ಕೆಟ್ಟ ಸೆಳೆತ ಪಾಪವಲ್ಲ, ಪಾಪದ ಕಡೆಗೆ ಎಳೆಯುವ ಒಲವು ಮಾತ್ರ ಅಂದರು. ಆದರೂ ವಿಶೇಷ ವರವಿಲ್ಲದೆ ಇಡೀ ಬದುಕಿನಲ್ಲಿ ಸಣ್ಣಪುಟ್ಟ ಪಾಪವೂ ಆಗದಂತೆ ಯಾರೂ ಇರಲಾರರು ಎಂದು ಅವರೂ ಹೇಳಿದರು.

ಬೀದರಿಗೆ ಸಂಬಂಧಪಟ್ಟ ಕಥೆ ಶುರುವಾಗುವುದು ಮೆಥೋಡಿಸ್ಟ್ ಪಂಥ ಕಟ್ಟಿದ ಇಂಗ್ಲೆಂಡಿನ ಜಾನ್ ವೆಸ್ಲಿಯಿಂದ. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಲೂಥರನ ಬರಹ ಓದುತ್ತಿದ್ದಾಗ ಅವನ ಎದೆ ಬೆಚ್ಚಗಾಯಿತಂತೆ. ಆದರೆ ಲೂಥರ್ ನಿಂತಲ್ಲಿ ಅವನು ನಿಲ್ಲಲಿಲ್ಲ. ದೇವರನ್ನೂ ನೆರೆಯವರನ್ನೂ ಪೂರ್ತಿ ಮನಸ್ಸಿನಿಂದ ಪ್ರೀತಿಸುವ ಸ್ಥಿತಿಗೆ ಈ ಬದುಕಿನಲ್ಲೇ ಮುಟ್ಟಬಹುದು ಎಂದ. ಅದನ್ನು ಕ್ರೈಸ್ತ ಪರಿಪೂರ್ಣತೆ ಎಂದು ಕರೆದ. ಜನ ಹೌಹಾರಿದರು. ವೆಸ್ಲಿ ಬಿಡಿಸಿ ಹೇಳಿದ: ಗೊತ್ತಿದ್ದೂ ಬೇಕಂತಲೇ ದೇವರ ಆಜ್ಞೆ ಮೀರುವುದು ಪಾಪ, ಅದನ್ನು ಬಿಡಬಹುದು. ಮರೆವು, ತಪ್ಪು ತಿಳಿವಳಿಕೆ, ದುಡುಕಿದ ತೀರ್ಪು ಸಾಯುವತನಕ ಇರುತ್ತವೆ. ಅದಕ್ಕೇ ಪರಿಪೂರ್ಣನಾದವನೂ ಕ್ಷಮೆಯ ಪ್ರಾರ್ಥನೆ ಮಾಡಲೇಬೇಕು. ಕಾರ್ಥೇಜಿನ ಮಾತಿಗೆ ಇವನೂ ಬಂದೇ ಬಂದ, ಸುತ್ತು ದಾರಿಯಲ್ಲಿ.

ಈ ಬೋಧನೆಯ ಅಪಾಯವೂ ಬೇಗ ಕಾಣಿಸಿತು. ಅವನ ಲಂಡನ್ ಸಭೆಯ ಜಾರ್ಜ್ ಬೆಲ್ ತಾನು ಪರಿಪೂರ್ಣನಾದೆ ಎಂದು ಸಾರಿದ. ಅಷ್ಟಕ್ಕೇ ನಿಲ್ಲಲಿಲ್ಲ, 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುತ್ತದೆ ಅಂದ. ಮುಗಿಯಲಿಲ್ಲ. ವೆಸ್ಲಿಯೋ, ನಾನು ಪರಿಪೂರ್ಣನಲ್ಲ ಎಂದು 1767ರಲ್ಲಿ ಪತ್ರಿಕೆಗೇ ಬರೆದು ತಿಳಿಸಿದ. ತಾನು ಮುಟ್ಟದ ಊರಿಗೆ ದಾರಿ ತೋರಿಸಿದ ಎಂದು ನಗುವವರು ಆಗಲೂ ಇದ್ದರು. ನನಗೆ ಮಾತ್ರ ಅವನ ಮೇಲೆ ನಂಬಿಕೆ ಹುಟ್ಟುವುದು ಇಲ್ಲೇ.

ಅಮೆರಿಕದಲ್ಲಿ ಫೀಬಿ ಪಾಮರ್ ಎಂಬಾಕೆ ಈ ದಾರಿಯನ್ನು ಇನ್ನೂ ಹತ್ತಿರ ಮಾಡಿದಳು. ಎಲ್ಲವನ್ನೂ ದೇವರಿಗೆ ಒಪ್ಪಿಸು, ಪರಿಶುದ್ಧತೆ ಸಿಕ್ಕಿತೆಂದು ನಂಬು, ಸಾಕ್ಷಿ ಹೇಳು ಅಂದಳು. ವರ್ಷಗಟ್ಟಲೆ ಕಾಯಬೇಕಿಲ್ಲ. ಇದೇ ಪರಿಶುದ್ಧತೆಯ ಹುರುಪು ಹೊತ್ತು ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದ. ಮುಂಬೈ, ಬೆಂಗಳೂರುಗಳಲ್ಲಿ ಸಭೆ ಕಟ್ಟಿದ. ಆ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕನ್ ಮೆಥೋಡಿಸ್ಟರು ನಿಜಾಮರ ಸೀಮೆಯ ಕಲಬುರಗಿ, ಬೀದರ್‌ಗೂ ಬಂದರು. ಹಳ್ಳಿಗಳಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಹೆಚ್ಚಾಗಿ ದಲಿತರು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದಾಗ ಮೈಸೂರು ಕಡೆಯ ಬ್ರಿಟಿಷ್ ಮೂಲದ ಮೆಥೋಡಿಸ್ಟರು ಅದರಲ್ಲಿ ಸೇರಿಹೋದರು. ಅಮೆರಿಕನ್ ಮೂಲದವರು ಸೇರಲಿಲ್ಲ. ಬೀದರಿನ ಚರ್ಚುಗಳ ಬೋರ್ಡಿನಲ್ಲಿ ಇವತ್ತಿಗೂ ಮೆಥೋಡಿಸ್ಟ್ ಅಂತ ಇರುವುದಕ್ಕೆ ಕಾರಣ ಅದೇ.

ಇನ್ನೊಂದು ಅಲೆ ರೈಲು ದಾರಿಯಲ್ಲೇ ಇತ್ತು. ಕಲಬುರಗಿಯಿಂದ ಪುಣೆಗೆ ಹೋಗುವಾಗ ಸಿಗುವ ಕೇಡಗಾಂವ್‌ನಲ್ಲಿ ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ ವಿಧವೆಯರಿಗೆ, ಅನಾಥ ಹೆಣ್ಣುಮಕ್ಕಳಿಗೆ ಆಸರೆಯಾದ ಮುಕ್ತಿ ಮಿಷನ್ ನಡೆಸುತ್ತಿದ್ದರು. 1905ರಲ್ಲಿ ಅಲ್ಲಿನ ಹೆಣ್ಣುಮಕ್ಕಳು ಅಳುತ್ತಾ ಪಾಪ ಒಪ್ಪಿಕೊಂಡು ಪ್ರಾರ್ಥಿಸತೊಡಗಿದರು. ಅವರ ಜೊತೆಗಿದ್ದ ಮಿನ್ನಿ ಏಬ್ರಮ್ಸ್ ಮೆಥೋಡಿಸ್ಟ್ ಮಿಷನರಿಯಾಗಿ ಬಂದವರು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತ್ ಚಳವಳಿ ಭುಗಿಲೆದ್ದಿತು. ಅಲ್ಲಿನ ಮುಂದಾಳು ವಿಲಿಯಂ ಸೀಮೋರ್ ಕೂಡ ಪರಿಶುದ್ಧತೆಯ ಬೋಧನೆಯ ಕಡೆಯಿಂದಲೇ ಬಂದವನು. ಇವತ್ತು ಮೆಥೋಡಿಸ್ಟ್ ಮನೆತನದ ಹುಡುಗರು ಪೆಂತೆಕೊಸ್ತ್ ಪ್ರಾರ್ಥನಾ ಕೂಟಕ್ಕೆ ಹೋದರೆ ಹಿರಿಯರು ಗೊಣಗುತ್ತಾರೆ. ಸುಮ್ನೆ ಗೊಣಗುವುದು, ಅಷ್ಟೆ. ಆ ಹುಡುಗರು ಹೋಗಿರುವುದು ಸೋದರತ್ತೆ ಮನೆಗೆ.

ದೊಡ್ಡ ಸಭೆಗಳ ಜಗಳ ಈಗ ತಣ್ಣಗಾಗಿದೆ. 1999ರಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಕೃಪೆಯ ಬಗ್ಗೆ ಜಂಟಿ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥೋಡಿಸ್ಟರೂ ಸೇರಿಕೊಂಡರು. ಊರೊಳಗೆ ಮಾತ್ರ ಪ್ರಶ್ನೆ ಬಿಸಿಯಾಗಿಯೇ ಇದೆ. ಕುಡಿತ ಬಿಟ್ಟೆ ಎಂದು ಸಾಕ್ಷಿ ಹೇಳಿದವನು ತಮ್ಮನ ಮದುವೆಯಲ್ಲಿ ಮತ್ತೆ ಕುಡಿದ ಅಂದುಕೊಳ್ಳಿ. ಕ್ಯಾಥೊಲಿಕನಾದರೆ ಫಾದರ್ ಹತ್ತಿರ ಪಾಪನಿವೇದನೆ ಮಾಡಬಹುದು. ಮೆಥೋಡಿಸ್ಟನಾದರೆ ವೆಸ್ಲಿಯ ಮಾತಿದೆ. ಪರಿಪೂರ್ಣತೆಗೆ ಮುಟ್ಟಿದವರು ಬೀಳಲಾರರು ಎಂದು ಮೊದಲು ನಂಬಿದ್ದ ವೆಸ್ಲಿ, ಬಿದ್ದವರನ್ನು ಕಣ್ಣಾರೆ ಕಂಡು ಮನಸ್ಸು ಬದಲಿಸಿದ. ಬಿದ್ದವರು ಮತ್ತೆ ಏಳಬಹುದು ಎಂದೂ ಹೇಳಿದ. ಆದರೆ ಇವನಿಗೆ ಮೊದಲೇ ರಕ್ಷಣೆ ಆಗಿರಲಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ. ಅಂಥವರ ಕೂಟಕ್ಕೆ ಅವನು ಮುಂದಿನ ಭಾನುವಾರ ಬರುವುದು ಕಷ್ಟ. ಬಂದರೂ ಕುಡಿದದ್ದನ್ನು ಬಾಯಿ ಬಿಡುವುದಿಲ್ಲ.