ಅನೋವಾಳ ಸಾವು ಯಾರು ಕೊಟ್ಟ ಶಿಕ್ಷೆ?

ಪ್ರಶ್ನೆ: ಘಾನಾದ ಅಮಾ ಅಟಾ ಐಡೂ ಅವರ ‘ಅನೋವಾ’ ನಾಟಕ ಓದಿದೆ. ಗಂಡನಿಗೆ ಎದುರು ನಿಂತವಳು ಕೊನೆಗೆ ನೀರಿಗೆ ಬಿದ್ದು ಸಾಯುತ್ತಾಳೆ. ಇದು ಎದುರಾಡಿದ ಹೆಣ್ಣಿಗೆ ಶಿಕ್ಷೆಯಲ್ಲವೇ?

ಉತ್ತರ: ಹಾಗೆ ಓದಿದರೆ ಎರಡನೆಯ ಭಾಗ ಕೈತಪ್ಪುತ್ತದೆ. ನಾಟಕ ಅಚ್ಚಾದದ್ದು 1970ರಲ್ಲಿ. ಕಥೆ ನಡೆಯುವುದು 1870ರ ದಶಕದಲ್ಲಿ, ಬ್ರಿಟಿಷರ ನೆರಳು ಬಿದ್ದಿದ್ದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ. ಬಂದ ಗಂಡುಗಳನ್ನೆಲ್ಲ ಬೇಡವೆಂದ ಅನೋವಾ, ತಾಯಿಯ ಮಾತು ಮೀರಿ ಕೋಫಿ ಅಕೋನನ್ನು ಮದುವೆಯಾಗುತ್ತಾಳೆ. ಇಬ್ಬರೂ ತೊಗಲಿನ ಹೊರೆ ಹೊತ್ತು, ಮಳೆಯಲ್ಲಿ ನೆನೆದು, ಕರಾವಳಿಗೆ ನಡೆಯುತ್ತಾರೆ. ಎರಡನೆಯ ಭಾಗದ ಆ ಹೆದ್ದಾರಿಯಲ್ಲಿ ಅವಳು ಗಂಡನಿಗೆ ಸರಿಸಮ. ಆಮೇಲೆ ಕೋಫಿ ಗುಲಾಮರನ್ನು ಕೊಳ್ಳುತ್ತೇನೆ ಎನ್ನುತ್ತಾನೆ, ನೀನು ಇನ್ನು ಸುಮ್ಮನೆ ಕೂತಿರು ಎನ್ನುತ್ತಾನೆ. ತಲೆಯ ಮೇಲಿನ ಹೊರೆ ಇಳಿದ ದಿನವೇ ಅವಳ ಮಾತಿನ ತೂಕವೂ ಇಳಿಯಿತು. ನನ್ನ ಮಟ್ಟಿಗೆ ದುರಂತ ಮುಗಿದದ್ದು ಅಲ್ಲೇ. ಮುಂದಿನದು ಅದರ ಲೆಕ್ಕ ತೀರಿಸುವುದು.

ಅವಳು ಅಕಾನ್ ಜನಾಂಗದವಳು; ಅವರು ನಮ್ಮ ಕರಾವಳಿಯ ಅಳಿಯಸಂತಾನದಂತೆ ತಾಯಿಯ ಕಡೆಯಿಂದ ವಂಶ ಎಣಿಸುವವರು. ಅಲ್ಲಿ ಹೆಣ್ಣಿಗೆ ಬಲ ಬರುವುದು ತವರಿನ ಕುಲದಿಂದ. ಅದನ್ನು ಬಿಟ್ಟು ಬಂದವಳಿಗೆ ಉಳಿದದ್ದು ದುಡಿಮೆಯೊಂದೇ. ಅದೂ ಹೋದಾಗ ತನ್ನನ್ನು ದಾರಿಹೋಕಳು ಎಂದುಕೊಳ್ಳುತ್ತಾಳೆ. ಗುಲಾಮರ ಬಗ್ಗೆ ಅವಳಿಗಿರುವ ಸಂಕಟ ಬರಿಯ ದಯೆಯಲ್ಲ. ಬಾಲ್ಯದಲ್ಲಿ ಅಜ್ಜಿಯಿಂದ ಗುಲಾಮರ ಕಥೆ ಕೇಳಿದ ರಾತ್ರಿ ಅವಳಿಗೊಂದು ಕನಸು ಬಿದ್ದಿತ್ತು: ತನ್ನ ಮೈಯಿಂದಲೇ ಜನ ಹರಿದು ಬರುತ್ತಾರೆ, ಕುದಿಯುವ ಕಡಲು ಎಸೆದ ದೈತ್ಯ ಸಿಗಡಿಮೋರೆಯವರು (ಲಾಬ್‌ಸ್ಟರ್ ತಲೆಯವರು) ಅವರನ್ನು ಹಿಡಿದು ಸೀಳುತ್ತಾರೆ.

ಕೊನೆಯ ಭಾಗದಲ್ಲಿ, ಸಿರಿವಂತನಾದ ಕೋಫಿಯ ದೊಡ್ಡಮನೆಯ ಗೋಡೆಯ ಮೇಲೆ ವಿಕ್ಟೋರಿಯಾ ರಾಣಿಯ ಚಿತ್ರ. ಆ ವೈಭವದ ನಡುವೆ ಅನೋವಾ ಹಳೆಯ ಬಟ್ಟೆಯಲ್ಲಿ, ಬರಿಗಾಲಲ್ಲಿ ತಿರುಗುತ್ತಾಳೆ. ಕೋಫಿ ಅವಳನ್ನು ಹೊರಡು ಎನ್ನುತ್ತಾನೆ, ಕಾರಣ ಮಾತ್ರ ಹೇಳುವುದಿಲ್ಲ. ಅವಳು ಕಾರಣ ಊಹಿಸಿ, ಅವನ ಗಂಡಸುತನವೇ ಹೋಗಿದೆ ಎಂದು ಎಲ್ಲರೆದುರು ಆಡಿಬಿಡುತ್ತಾಳೆ. ಕೋಫಿ ಗುಂಡು ಹೊಡೆದುಕೊಳ್ಳುತ್ತಾನೆ, ಅವಳು ಮುಳುಗುತ್ತಾಳೆ. ಅವಳದು ಮಾತ್ರ ಶಿಕ್ಷೆಯಾದರೆ ಅವನದೇನು?

ತೀರ್ಪು ಕೊಡುವವರು ನಾಟಕದೊಳಗೇ ಇದ್ದಾರೆ: ‘ಉಪ್ಪು ಖಾರ ತಿನ್ನುವ ಬಾಯಿ’ ಎಂಬ ಒಂದೇ ಹೆಸರಿನ ಮುದುಕ, ಮುದುಕಿ ಇಬ್ಬರೂ. ಮುದುಕಿ ಅವಳನ್ನು ಶಪಿಸುತ್ತಾಳೆ, ಮುದುಕ ಅವಳು ತನಗೆ ತಾನು ನಿಜವಾಗಿದ್ದಳು ಎನ್ನುತ್ತಾನೆ. ಅವರ ಕೊನೆಯ ಮಾತುಗಳನ್ನು ಬಿಟ್ಟು, ಅನೋವಾ ರಂಗದಿಂದ ಹೊರಟಲ್ಲಿಗೇ ಪರದೆ ಎಳೆಯಬಹುದೆಂದು ಐಡೂ ನಿರ್ದೇಶಕರಿಗೆ ಅನುಮತಿಯನ್ನೂ ಕೊಟ್ಟಿದ್ದಾರೆ.