ಇನ್ನೊಂದು ಸುತ್ತು ತಿರುಗಿಸಬೇಡಿ

ನನ್ನ ಬಳಿ ರಿಪೇರಿಗೆ ಬರುವ ಇ-ಸಿಗರೇಟುಗಳಲ್ಲಿ, ಅಂದರೆ ವೇಪ್‌ಗಳಲ್ಲಿ ಸುಮಾರಷ್ಟು ತಾವಾಗಿ ಕೆಟ್ಟಿರುವುದಿಲ್ಲ, ತಂದವರೇ ತಿರುಗಿಸಿ ತಿರುಗಿಸಿ ಕೆಡಿಸಿರುತ್ತಾರೆ. ಪರದೆಯ ಮೇಲೆ ‘ನೋ ಅಟೊಮೈಜರ್’ ಎಂದು ಬರುತ್ತದೆ, ಅಂದರೆ ಲಿಕ್ವಿಡ್ ತುಂಬುವ ಟ್ಯಾಂಕ್ ಸಿಗುತ್ತಿಲ್ಲವೆಂದು, ಆದರೆ ಟ್ಯಾಂಕ್ ನೋಡಿದರೆ ಕಣ್ಣೆದುರೇ ಕೂತಿದೆ. ಸಡಿಲವಾಗಿರಬೇಕೆಂದು ಇನ್ನೊಂದು ಸುತ್ತು ಬಿಗಿಯುತ್ತಾರೆ. ಆಗಲೂ ಆಗದಿದ್ದರೆ ಇಕ್ಕಳವೇ ಬರುತ್ತದೆ. ಆಮೇಲೆ ನನ್ನ ಮುಂದೆ, “ಗಟ್ಟಿಯಾಗಿಯೇ ಹಾಕಿದೀನಿ ಸಾರ್, ಕನೆಕ್ಟ್ ಆಗ್ತಿಲ್ಲ.” ಗಟ್ಟಿಯಾಗಿ ಹಾಕಿದ್ದಕ್ಕೇ ಆಗುತ್ತಿಲ್ಲ, ಮಾರಾಯ್ರೇ.

ಟ್ಯಾಂಕಿನ ಬುಡದ ನಡುವೆ ಒಂದು ಪಿನ್ ಇದೆ, ಬ್ಯಾಟರಿ ಕಡೆಯ ಗುಳಿಯಲ್ಲಿ ಇನ್ನೊಂದು. ಪಾಸಿಟಿವ್ ಹರಿಯುವುದು ಇವೆರಡೂ ಮುಟ್ಟಿದರೆ ಮಾತ್ರ. ನೆಗೆಟಿವ್‌ಗೆ ಸುತ್ತಲಿನ ಥ್ರೆಡ್ ದಾರಿ. ನಡುವೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಸಣ್ಣ ಉಂಗುರ ಇಬ್ಬರನ್ನೂ ದೂರ ಇಟ್ಟಿರುತ್ತದೆ. 510 ಎನ್ನುವ ಈ ಜೋಡಣೆಯಲ್ಲಿ ಒಂದು ಪೂರ್ತಿ ಸುತ್ತಿಗೆ ಟ್ಯಾಂಕ್ ಅರ್ಧ ಮಿ.ಮೀ. ಕೆಳಗಿಳಿಯುತ್ತದೆ. ಕೇಳಲು ಏನೂ ಅಲ್ಲ, ಆದರೆ ಬ್ಯಾಟರಿ ಕಡೆಯ ಪಿನ್ನಿಗೆ ಅಷ್ಟೇ ಬಹಳ. ಒತ್ತಿದಷ್ಟೂ ಅದು ಒಳಗೆ ಹೂತುಹೋಗುತ್ತದೆ, ಉಂಗುರ ನಜ್ಜುಗುಜ್ಜಾಗುತ್ತದೆ. ಈವತ್ತಿಗೆ ಹೇಗೋ ನಡೆಯುತ್ತದೆ. ನಾಳೆ ಪಿನ್ ತುಸು ಗಿಡ್ಡವಿರುವ ಬೇರೆ ಟ್ಯಾಂಕ್ ಹಾಕಿದರೆ ಅದು ತಲುಪುವುದೇ ಇಲ್ಲ. ಆಗ ಬೈಗುಳ ತಿನ್ನುವುದು ಹೊಸ ಟ್ಯಾಂಕು. ಒಬ್ಬ ಹುಡುಗ ಹೀಗೇ ಒಂದರ ಹಿಂದೊಂದು ಟ್ಯಾಂಕ್ ಕೊಂಡು, ಎಲ್ಲವೂ ಡೂಪ್ಲಿಕೇಟ್ ಎಂದು ಸಿಟ್ಟಾಗಿದ್ದ. ಉಂಗುರ ಪೂರ್ತಿ ಹರಿದರಂತೂ ಪಿನ್ನೂ ಥ್ರೆಡ್ಡೂ ಮುಟ್ಟಿ ನೇರ ಶಾರ್ಟ್.

ಮೊದಲು ಮಾಡಬೇಕಾದ್ದು ಒರೆಸುವುದು. ಬ್ಯಾಟರಿ ಹೊರತೆಗೆಯಿರಿ, ಒಳಗೇ ಕೂರಿಸಿದ್ದಾದರೆ ಆಫ್ ಮಾಡಿ, ಹೆಚ್ಚಿನವುಗಳಲ್ಲಿ ಬಟನ್ ಬೇಗಬೇಗ 5 ಸಲ ಒತ್ತಿದರಾಯಿತು. ಇಯರ್‌ಬಡ್‌ಗೆ ಒಂದಿಷ್ಟೇ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಎರಡೂ ಕಡೆ ಒರೆಸಿ, ಒಣಗಲು ಬಿಡಿ. ಸೋರಿದ ಲಿಕ್ವಿಡ್ ಅಲ್ಲಿ ಅಂಟಂಟಾಗಿ ಕೂತಿರುತ್ತದೆ, ಎಷ್ಟೋ ಸಲ ಕಾಯಿಲೆ ಅಷ್ಟೇ. ಥ್ರೆಡ್ ಇಲ್ಲದೆ ಅಯಸ್ಕಾಂತದಿಂದ ಕೂರುವ ಪುಟ್ಟ ಟ್ಯಾಂಕುಗಳಿಗೂ, ಅಂದರೆ ಪಾಡ್‌ಗಳಿಗೂ ಈ ಒರೆಸುವಿಕೆ ಸಾಕು.

ಆಮೇಲೆ ಪಿನ್ ನೋಡಿ. ಒತ್ತಿದರೆ ಪುಟಿದೇಳುವ ಸ್ಪ್ರಿಂಗ್ ಪಿನ್ನಾದರೆ ಅದರ ತಂಟೆಗೆ ಹೋಗಬೇಡಿ. ಹೂತುಹೋದ ಪಿನ್ನಾದರೆ ಮರದ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮೇಲೆತ್ತಬಹುದು, ಏಳದಿದ್ದರೆ ಬಿಟ್ಟುಬಿಡಿ. ಸೂಜಿ, ಸ್ಕ್ರೂಡ್ರೈವರ್ ಬೇಡವೇ ಬೇಡ. ನಿವೃತ್ತ ಮೇಷ್ಟ್ರೊಬ್ಬರು ಅಲ್ಯೂಮಿನಿಯಂ ಫಾಯಿಲ್ ಮಡಚಿ ಪಿನ್ನಿನ ಮೇಲಿಟ್ಟುಕೊಂಡು ಬಂದಿದ್ದರು, ಮುಖದಲ್ಲಿ ಹೆಮ್ಮೆ ಬೇರೆ. ನಡೆಯುತ್ತಲೂ ಇತ್ತು, ನನಗೆ ಭಯವಾದದ್ದೇ ಅದಕ್ಕೆ. ಆ ಚೂರು ಕೊಂಚ ಜರುಗಿದ್ದರೆ ಏನಾಗುತ್ತಿತ್ತೆಂದು ಹೇಳಿದಾಗ ಪಾಪ, ತಾವೇ ಕಿತ್ತು ಜೇಬಿಗೆ ಹಾಕಿಕೊಂಡರು. ಟ್ಯಾಂಕ್ ಹಾಕುವಾಗ ಎರಡೇ ಬೆರಳು, ತಡೆದ ಕೂಡಲೇ ನಿಲ್ಲಿಸಿ.

ಇಷ್ಟಕ್ಕೂ ಸರಿಹೋಗದಿದ್ದರೆ ಲಿಕ್ವಿಡ್ ಕಾಯಿಸುವ ತಂತಿಸುರುಳಿ, ಅಂದರೆ ಕಾಯಿಲ್ ಅನುಮಾನಿಸಿ, ಟ್ಯಾಂಕಿನ ಒಳಗೆ ಅದೇ ಸಡಿಲವಿರಬಹುದು. ಮಲ್ಟಿಮೀಟರ್ ಇದ್ದವರು ಟ್ಯಾಂಕಿನ ಪಿನ್ನಿಗೂ ಥ್ರೆಡ್ಡಿಗೂ ಹಿಡಿದು ಓಮ್ ನೋಡಿ. ಮೀಟರಿನ ಎರಡು ವೈರುಗಳನ್ನು ಮೊದಲು ಒಂದಕ್ಕೊಂದು ಮುಟ್ಟಿಸಿ, ಬರುವ ಅಂಕಿಯನ್ನು ಕಳೆಯಬೇಕು, ಇಲ್ಲದಿದ್ದರೆ 0.5 ಓಮ್‌ನ ಒಳ್ಳೇ ಕಾಯಿಲ್ಲೂ 0.7 ತೋರಿಸಿ ನಿಮ್ಮನ್ನು ಗಾಬರಿಪಡಿಸೀತು.

ಬ್ಯಾಟರಿ ವಿಷಯದಲ್ಲಿ ಮಾತ್ರ ನನ್ನ ಹತ್ತಿರ ಚೌಕಾಸಿ ನಡೆಯದು. ಇವುಗಳಿಗೆ ಹಾಕುವ 18650 ಎಂಬ ಬಿಡಿ ಲಿಥಿಯಂ ಸೆಲ್ಲಿನ ಲೋಹದ ಮೈಯೆಲ್ಲ ನೆಗೆಟಿವ್, ಪಾಸಿಟಿವ್ ಇರುವುದು ತಲೆಯಲ್ಲಷ್ಟೇ. ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ ಹರಿದದ್ದನ್ನು ಸಾಧನದೊಳಗೆ ಹಾಕಬೇಡಿ, ಬಿಡಿ ಸೆಲ್ಲನ್ನು ಬೀಗದ ಕೈ ಜೊತೆ ಜೇಬಿಗೆ ಹಾಕಬೇಡಿ. ಉಬ್ಬಿದ್ದನ್ನು, ಸುಮ್ಮನಿದ್ದಾಗಲೂ ಬಿಸಿಯಾಗುವುದನ್ನು ಚಾರ್ಜಿಗೂ ಹಾಕಬೇಡಿ. ಅಂಥದ್ದನ್ನು ತಂದು ಎಷ್ಟೇ ಬೇಡಿಕೊಂಡರೂ ನಾನು ಬಿಚ್ಚುವುದಿಲ್ಲ. ಕಸದ ಬುಟ್ಟಿಗೂ ಎಸೆಯದೆ, ಹಳೇ ಬ್ಯಾಟರಿ ತೆಗೆದುಕೊಳ್ಳುವ ಕಡೆಗೇ ಒಯ್ದು ಕೊಡಿ.