ವಿಡಿಯೊ ತೆಗೆದವರು ಪತ್ರಕರ್ತರಾ, ಸಾಕ್ಷಿಯಾ? ನಾಗರಿಕ ಪತ್ರಿಕೋದ್ಯಮದ ಟಿಪ್ಪಣಿ

ನಾಗರಿಕ ಪತ್ರಿಕೋದ್ಯಮ ಎಂದರೇನು ಅಂತ ಕೇಳಿದರೆ 'ಸಾಮಾನ್ಯ ಜನರೇ ಸುದ್ದಿ ಕೊಡುವುದು' ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಜಗಳ ಶುರುವಾಗುವುದೇ ಆ ಸಾಲಿನಿಂದ. ಅಮೆರಿಕದ ಪತ್ರಿಕೋದ್ಯಮ ಪ್ರಾಧ್ಯಾಪಕ ಜೇ ರೋಸೆನ್ 2008ರಲ್ಲಿ ಹೇಳಿದ್ದು ಇಷ್ಟು: ಹಿಂದೆ ಬರೀ ಓದುಗರು, ನೋಡುಗರು ಆಗಿದ್ದವರು ತಮ್ಮ ಕೈಲಿರುವ ಸಾಧನಗಳಿಂದಲೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿದರೆ ಅದು ನಾಗರಿಕ ಪತ್ರಿಕೋದ್ಯಮ. ಇದನ್ನು ಒಪ್ಪದವರ ಪ್ರಶ್ನೆ ಒಂದೇ. ಸುದ್ದಿ ನಿಜವೋ ಸುಳ್ಳೋ ಅಂತ ನೋಡುವವರು ಯಾರು?

ದಕ್ಷಿಣ ಕೊರಿಯಾದಲ್ಲಿ 2000ದಲ್ಲಿ ಶುರುವಾದ ಓಮೈನ್ಯೂಸ್ ಎಂಬ ಸುದ್ದಿ ಜಾಲತಾಣ 'ಪ್ರತಿಯೊಬ್ಬ ನಾಗರಿಕನೂ ವರದಿಗಾರ' ಎಂದಿತು. ಈ ಮಾತನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಜನ ಕಳಿಸಿದ ಬರಹಗಳನ್ನು ಅಲ್ಲಿ ಸಂಬಳದ ಸಂಪಾದಕರು ಪರಿಶೀಲಿಸುತ್ತಿದ್ದರು ಅನ್ನುವುದನ್ನು ಮಾತ್ರ ಮರೆಯುತ್ತಾರೆ.

ಈಗ ಅಮೆರಿಕದ ಮಿನಿಯಾಪೊಲಿಸ್‌ಗೆ ಬನ್ನಿ. 2020ರ ಮೇ 25. ಪೊಲೀಸ್ ಅಧಿಕಾರಿಯೊಬ್ಬ ಕುತ್ತಿಗೆ ಮೇಲೆ ಮೊಣಕಾಲೂರಿ ಒತ್ತಿದ್ದರಿಂದ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಸತ್ತ. ಆಮೇಲೆ ಪೊಲೀಸರು ಕೊಟ್ಟ ಮೊದಲ ಹೇಳಿಕೆಯಲ್ಲಿ, ಪೊಲೀಸರು ಹಿಡಿದ ಹೊತ್ತಿನಲ್ಲಿ ಒಬ್ಬ ವ್ಯಕ್ತಿಗೆ ಆರೋಗ್ಯ ಕೆಟ್ಟು ಸಾವು ಅನ್ನುವ ಅರ್ಥದ ಮಾತಿತ್ತು. ಕುತ್ತಿಗೆ ಮೇಲಿದ್ದ ಮೊಣಕಾಲಿನ ಸುದ್ದಿಯೇ ಇಲ್ಲ! ಪುಟ್ಟ ಕಸಿನ್ ಜೊತೆ ಅಂಗಡಿಗೆ ಬಂದಿದ್ದ 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ಫೋನ್ ಇಳಿಸದೆ ನಿಂತು ಚಿತ್ರೀಕರಿಸದಿದ್ದರೆ, ಆ ಹೇಳಿಕೆಯೇ ಮರುದಿನದ ಸುದ್ದಿಯಾಗಿ ಅಲ್ಲಿಗೇ ಮುಗಿದುಹೋಗುತ್ತಿತ್ತೋ ಏನೋ. 2021ರಲ್ಲಿ, ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಆಕೆಗೆ ವಿಶೇಷ ಗೌರವ ಕೊಟ್ಟಿತು. ನನ್ನ ಮಟ್ಟಿಗೆ ಆಕೆ ಮೊದಲು ಸಾಕ್ಷಿ. ಹಾಗಂದರೆ ಕಡಿಮೆ ಮಾಡಿದ ಹಾಗಲ್ಲ, ಆ ಸಾಕ್ಷ್ಯ ಇಲ್ಲದೆ ಯಾವ ವರದಿಗಾರನಿಗೂ ಬರೆಯಲು ನೆಲೆಯೇ ಇರಲಿಲ್ಲ.

ನಮ್ಮ ದೇಶದ ಉದಾಹರಣೆ ಬೇಕಿದ್ದರೆ 2010ರಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಶುರು ಮಾಡಿದ, ಫೋನಿನಲ್ಲೇ ಸುದ್ದಿ ಹೇಳುವ, ಕೇಳುವ ಸೇವೆ ಸಿಜಿನೆಟ್ ಸ್ವರ ನೋಡಿ. ಛತ್ತೀಸ್‌ಗಢದ ಗೊಂಡಿ ಮಾತನಾಡುವ ಜನರ ಭಾಷೆಯಲ್ಲಿ ಪೇಪರ್ ಬರುವುದಿಲ್ಲ, ಓದು ಬಾರದವರೂ ಜಾಸ್ತಿ. ಅವರು ಬೆಂಗಳೂರಿನ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡುತ್ತಾರೆ, ವಾಪಸ್ ಕರೆ ಬರುತ್ತದೆ, ಊರಿನ ಬೋರ್‌ವೆಲ್ ಕೆಟ್ಟಿದೆ, ಕೂಲಿ ಬಂದಿಲ್ಲ ಅಂತ ತಮ್ಮ ದನಿಯಲ್ಲೇ ಹೇಳುತ್ತಾರೆ. ಅದು ಸುಮ್ನೆ ಹಾಗೇ ಪ್ರಸಾರವಾಗುವುದಿಲ್ಲ. ಪರಿಶೀಲಿಸುವವರು ಕೇಳಿ ಒಪ್ಪಬೇಕು. ಎಷ್ಟೋ ಸಲ ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರನ್ನೂ ಅದರಲ್ಲೇ ಹೇಳಿರುತ್ತಾರೆ, ಕೇಳಿದವರು ಆ ಅಧಿಕಾರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ.

ಅದೇ ಫೋನು, ಪರಿಶೀಲಿಸುವವರು ಇಲ್ಲದಿದ್ದರೆ? 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಆ ವರ್ಷ ದೇಶದ ತುಂಬ ಹರಿದಾಡಿದ ಒಂದು ವಿಡಿಯೊ, ಮಕ್ಕಳ ಕಳ್ಳತನದ ಬಗ್ಗೆ ಕರಾಚಿಯಲ್ಲಿ ಮಾಡಿದ್ದ ಜಾಗೃತಿ ಚಿತ್ರದ ತುಂಡು. ಮಗುವನ್ನು ಎತ್ತಿಕೊಂಡು ಹೋದ ಬೈಕಿನವರು ಅದನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನೇ ಕತ್ತರಿಸಿದ್ದರು. ಫಾರ್ವರ್ಡ್ ಮಾಡಿದವರೂ ತಾವು ಜನರನ್ನು ಎಚ್ಚರಿಸುತ್ತಿದ್ದೇವೆ ಅಂತಲೇ ನಂಬಿದ್ದಿರಬೇಕು.

ಇನ್ನೊಂದು ವಿಷಯ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆ ಬೇರೆಯ ಸ್ವಾತಂತ್ರ್ಯ ಇಲ್ಲ. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಕೊಡುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಹಕ್ಕೇ ಪತ್ರಕರ್ತರಿಗೂ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದನ್ನೇ ಹೇಳಿದ್ದರು. ಆದರೆ ವರದಿಗಾರನ ಬೆನ್ನಿಗೆ ಸಂಪಾದಕ, ವಕೀಲ, ಸಂಬಳ ಇರುತ್ತದೆ. ಫೋನ್ ಹಿಡಿದು ನಿಂತವರಿಗೆ? ಫ್ಲಾಯ್ಡ್‌ಗೆ ಇನ್ನಷ್ಟು ಮಾಡಲಾಗಲಿಲ್ಲವಲ್ಲ ಅಂತ ಎಷ್ಟೋ ರಾತ್ರಿ ಎದ್ದು ಕೂತು ಅವನ ಕ್ಷಮೆ ಕೇಳಿದ್ದೇನೆ ಎಂದು ಫ್ರೇಜಿಯರ್ ಕೋರ್ಟಿನಲ್ಲಿ ಹೇಳಿದಳು.